ಗಾಳಿ ಹೊಡೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಸೈಕಲ್ ಪಂಪು ಕೊಳ್ಳಲು ಹೋದವರಿಗೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ‘ನಿಮ್ಮದು ಯಾವ ವಾಲ್ವ್?’ ಬಹಳ ಜನ ಅಲ್ಲಿಯೇ ತಡವರಿಸುತ್ತಾರೆ. ದಿನವೂ ತುಳಿಯುವ ಸೈಕಲ್ಲಿನ ಬಣ್ಣ ಗೊತ್ತು, ಅದರ ಗಂಟೆಯ ಸದ್ದು ಗೊತ್ತು. ರಿಮ್ಮಿನಿಂದ ಇಣುಕುವ ಆ ಪುಟ್ಟ ಕೊಳವೆಯ ಮುಖವನ್ನು ಮಾತ್ರ ನೆಟ್ಟಗೆ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. ಹೊಸ ಪಂಪನ್ನು ಮನೆಗೆ ತಂದು, ಅದರ ಬಾಯಿ ವಾಲ್ವಿಗೆ ಕೂರದೆ, ಬಟ್ಟೆ ಸುತ್ತಿ ಅದುಮಿ ಹಿಡಿದು ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ನೋಡುವುದನ್ನು ಕಲಿತೆ.

ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಲ್ವುಗಳು ಮೂರು. ಹಳೆಯದು ಡನ್‌ಲಪ್. ಜಾನ್ ಬಾಯ್ಡ್ ಡನ್‌ಲಪ್ ಪಶುವೈದ್ಯ; ಬೆಲ್‌ಫಾಸ್ಟಿನಲ್ಲಿದ್ದ. ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿ ತುಂಬಿದ ರಬ್ಬರ್ ಟೈರು ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲಿಯೇ ಇದೇ ಉಪಾಯಕ್ಕೆ ಪೇಟೆಂಟ್ ಪಡೆದಿದ್ದನೆಂದು ಆಮೇಲೆ ಗೊತ್ತಾಯಿತು. ಡನ್‌ಲಪ್ಪನ ಪೇಟೆಂಟ್ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ಈ ವಾಲ್ವಿನ ಒಳಗೆ ಒಂದು ಲೋಹದ ಸಣ್ಣ ನಳಿಗೆಯಿದೆ. ಅದರ ಮಗ್ಗುಲಲ್ಲಿ ಒಂದು ತೂತು, ತೂತಿನ ಮೇಲೆ ತೆಳ್ಳನೆಯ ರಬ್ಬರಿನ ಕವಚ. ಇದೇ ನಾವು ವಾಲ್ವ್ ಟ್ಯೂಬ್ ಎನ್ನುವುದು. ಪಂಪಿನ ಗಾಳಿ ಆ ತೂತಿನಿಂದ ಹೊರಟು ರಬ್ಬರನ್ನು ಉಬ್ಬಿಸಿ, ಅದರ ಸಂದಿನಲ್ಲಿ ನುಸುಳಿ ಒಳಗೆ ಹೋಗುತ್ತದೆ. ಒಳಗೆ ಹೋದ ಗಾಳಿ ಹಿಂದಿರುಗಲು ನೋಡಿದರೆ ಅದೇ ರಬ್ಬರನ್ನು ತೂತಿಗೆ ಅದುಮುತ್ತದೆ. ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕಿಂತ ಸರಳವಾದ ಕಾವಲುಗಾರ ಇನ್ನೊಬ್ಬನಿಲ್ಲ. ಕೈಯಿಂದಲೇ ಬಿಚ್ಚಿ, ಹೊಸ ರಬ್ಬರು ತೊಡಿಸಿ, ಮತ್ತೆ ತಿರುಗಿಸಿದರೆ ಮುಗಿಯಿತು. ತೊಂದರೆಯೆಂದರೆ ಆ ರಬ್ಬರನ್ನು ಸರಿಸಲು ಪ್ರತಿ ಸಲವೂ ಒಂದಿಷ್ಟು ಹೆಚ್ಚು ಬಲ ಹಾಕಬೇಕು. ಹಾಗಾಗಿ ಪಂಪಿನ ಮೀಟರು ತೋರಿಸುವ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ರಬ್ಬರು ಹಳತಾದರೆ ಬಿರಿಯುತ್ತದೆ. ಎಷ್ಟೋ ಬಾರಿ ಪಂಕ್ಚರ್ ಎಂದು ಟೈರು ಕಳಚಿ ಕುಳಿತರೆ, ಕಳ್ಳ ಈ ಬೆರಳಗಲದ ರಬ್ಬರೇ ಆಗಿರುತ್ತಾನೆ.

ಎರಡನೆಯದು ಶ್ರೇಡರ್. ಕಾರು, ಮೋಟಾರ್ ಸೈಕಲ್ಲುಗಳಲ್ಲಿ ಇರುವುದೂ ಇದೇ. ದಪ್ಪನೆಯ ಕಾಂಡ, ನಡುವೆ ಸ್ಪ್ರಿಂಗಿನ ಮೇಲೆ ನಿಂತ ಸೂಜಿ; ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಪೆಟ್ರೋಲ್ ಬಂಕಿನ ಗಾಳಿಯಂತ್ರವೂ ಇದಕ್ಕೆ ಕೂರುವುದು ದೊಡ್ಡ ಅನುಕೂಲ. ಒಂದು ಎಚ್ಚರಿಕೆ ಬೇಕು. ಕಾರಿನ ಟೈರಿಗೆ ಹೋಲಿಸಿದರೆ ಸೈಕಲ್ ಟ್ಯೂಬಿನ ಹೊಟ್ಟೆ ಬಹಳ ಚಿಕ್ಕದು. ಆ ಯಂತ್ರದ ಮುಂದೆ ನಿಂತು ಮಾತಿಗೆ ಇಳಿದರೆ ಕೆಲವೇ ಕ್ಷಣಗಳಲ್ಲಿ ಟ್ಯೂಬು ಸಿಡಿಯುತ್ತದೆ. ಚೂರು ಚೂರೇ ಬಿಟ್ಟು, ಬೆರಳಿನಿಂದ ಒತ್ತಿ ನೋಡುತ್ತಿರಿ.

ಮೂರನೆಯದು ಪ್ರೆಸ್ಟಾ, ಸುಮಾರು 6 ಮಿಲಿಮೀಟರ್ ದಪ್ಪದ ಸಣಕಲು ವಾಲ್ವ್. ತುದಿಯಲ್ಲಿ ಒಂದು ಪುಟ್ಟ ನಟ್ಟು. ಅದನ್ನು ಸಡಿಲಿಸಿ, ತುದಿಯನ್ನು ಒಮ್ಮೆ ಒತ್ತಿ ‘ಪುಸ್’ ಎನಿಸಿ, ಆಮೇಲೆ ಪಂಪು ಹಚ್ಚಬೇಕು. ಈ ಶಾಸ್ತ್ರ ಗೊತ್ತಿಲ್ಲದವರು ಎಷ್ಟು ಹೊಡೆದರೂ ಗಾಳಿ ಒಳಗೆ ಹೋಗುವುದಿಲ್ಲ; ಆತುರಪಟ್ಟರೆ ತುದಿ ಬಾಗುತ್ತದೆ. ತೆಳ್ಳಗಿನ ರಿಮ್ಮಿಗೆ ದೊಡ್ಡ ತೂತು ಕೊರೆದರೆ ಅದರ ಬಲ ತಗ್ಗುತ್ತದೆ, ಆದ್ದರಿಂದ ರೇಸಿನ ಸೈಕಲ್ಲುಗಳಿಗೆ ಇದು ಒಗ್ಗಿತು.

ಯಾವುದು ಮೇಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿ ಇರುವುದೇ ಕಡಿಮೆ. ರಿಮ್ಮಿನ ತೂತು ಅದನ್ನು ಆಗಲೇ ಮಾಡಿಬಿಟ್ಟಿರುತ್ತದೆ. ಪ್ರೆಸ್ಟಾ ತೂತಿನಲ್ಲಿ ಶ್ರೇಡರ್ ಇಳಿಯುವುದಿಲ್ಲ. ಶ್ರೇಡರ್ ತೂತಿನಲ್ಲಿ ಪ್ರೆಸ್ಟಾ ಸಲೀಸಾಗಿ ಇಳಿಯುತ್ತದೆ, ಆದರೆ ಸುತ್ತ ಉಳಿಯುವ ಸಂದಿಗೆ ಉಂಗುರದಂತಹ ತುಂಡೊಂದನ್ನು ತೊಡಿಸದಿದ್ದರೆ ರಿಮ್ಮಿನ ಅಂಚು ಟ್ಯೂಬನ್ನು ಕೊಯ್ಯುತ್ತದೆ.

ಇನ್ನು ಪಂಪು. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಲೇಬೇಕು. ತೆಳು ಟೈರಿಗೆ 100 ಪಿಎಸ್‌ಐ ಒತ್ತಡ ಬೇಕು ಎಂದುಕೊಳ್ಳಿ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಭಾರ. ಪಂಪಿನ ಒಳವ್ಯಾಸ 4 ಸೆಂಟಿಮೀಟರ್ ಇದ್ದರೆ, ಕೊನೆಯ ಹೊಡೆತಗಳಲ್ಲಿ ಹಿಡಿಯ ಮೇಲೆ ಸುಮಾರು 88 ಕಿಲೋ ಭಾರ ಹೇರಬೇಕು. ಅಷ್ಟು ತೂಕ ನನ್ನ ಮೈಯಲ್ಲೇ ಇಲ್ಲ! ಅದೇ ಒಳವ್ಯಾಸ 2 ಸೆಂಟಿಮೀಟರ್ ಆದರೆ 22 ಕಿಲೋ ಸಾಕು. ಬದಲಿಗೆ ಅಷ್ಟೇ ಉದ್ದದ ಪಂಪಿನಲ್ಲಿ ನಾಲ್ಕು ಪಟ್ಟು ಹೆಚ್ಚು ಬಾರಿ ಹೊಡೆಯಬೇಕು. ಹಾಗಾಗಿ ಅಗಲ ಟೈರಿನವರಿಗೆ ದಪ್ಪ ಪಂಪು, ತೆಳು ಟೈರಿನವರಿಗೆ ಸಪೂರ ಪಂಪು. ನಿಮ್ಮ ಟೈರಿಗೆ ಎಷ್ಟು ಒತ್ತಡ ಸಲ್ಲುತ್ತದೆ ಎಂಬುದು ಅದರ ಮಗ್ಗುಲಲ್ಲಿಯೇ ಅಚ್ಚಾಗಿರುತ್ತದೆ, ಓದಿಕೊಳ್ಳಿ. ಮನೆಗೆ ಕಾಲಿನಡಿ ಇಟ್ಟು ಒತ್ತುವ, ಮೀಟರಿರುವ ಪಂಪು; ದಾರಿಗೆ ಚೀಲದಲ್ಲಿ ಹಿಡಿಸುವ ಚಿಕ್ಕದು. ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರುಗಳೂ ಸಿಗುತ್ತವೆ. ಕ್ಷಣದಲ್ಲಿ ಟೈರು ತುಂಬುತ್ತದೆ, ನಿಜ. ಆದರೆ ಆ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುತ್ತದೆ. ಮರುದಿನ ಟೈರು ಮೆತ್ತಗಾಗಿದ್ದರೆ ಗಾಬರಿ ಬೇಡ.

ಹಳೆಯ ಪಂಪಿನ ಹಿಡಿ ಸಡಿಲವಾಗಿ ಆಡುತ್ತದೆ, ಒತ್ತಿದರೆ ಬಿಗಿಯಿಲ್ಲ ಎಂದರೆ ಪಂಪನ್ನು ಎಸೆಯಬೇಡಿ. ಒಳಗೆ ಬಟ್ಟಲಿನ ಆಕಾರದ ಚರ್ಮದ ವಾಷರು ಇದ್ದರೆ ಅದು ಒಣಗಿ ಮುದುಡಿರುತ್ತದೆ. ಬಿಚ್ಚಿ, ನಾಲ್ಕು ಹನಿ ಎಣ್ಣೆ ಉಣಿಸಿ, ಅಂಚನ್ನು ಬೆರಳಿನಿಂದ ಅಗಲಿಸಿ ಮತ್ತೆ ಕೂರಿಸಿದರೆ ಪಂಪಿಗೆ ಜೀವ ಬರುತ್ತದೆ.

ಈಗ ಪಂಕ್ಚರಿನ ವಿಷಯ. ಒಂದೇ ವಾರದಲ್ಲಿ ಒಂದೇ ಗಾಲಿಗೆ ಮೂರು ಬಾರಿ ಪ್ಯಾಚ್ ಹಾಕಿದ ಸಾಧನೆ ನನ್ನದು. ಪ್ಯಾಚಿನದು ತಪ್ಪಿರಲಿಲ್ಲ. ಮುಳ್ಳಿನ ಮೊನೆ ಟೈರಿನೊಳಗೇ ಕುಳಿತು ಪ್ಯಾಚ್ ಹಾಕಿದ ಟ್ಯೂಬಿಗೆ ಪ್ರತಿ ಸಲವೂ ಸ್ವಾಗತ ಕೋರುತ್ತಿತ್ತು. ಅಂದಿನಿಂದ ತೂತು ಎಲ್ಲಿ ಎನ್ನುವುದಕ್ಕಿಂತ ಏಕೆ ಎಂದು ಮೊದಲು ಹುಡುಕುತ್ತೇನೆ. ಟೈರಿನ ಹೆಸರಿನ ಅಚ್ಚು ವಾಲ್ವಿನ ನೇರಕ್ಕೆ ಬರುವಂತೆ ಯಾವಾಗಲೂ ತೊಡಿಸಿ. ಟ್ಯೂಬಿನಲ್ಲಿ ತೂತು ಸಿಕ್ಕ ಕೂಡಲೇ ವಾಲ್ವಿನಿಂದ ಅಷ್ಟೇ ದೂರದಲ್ಲಿ ಟೈರನ್ನು ತಡವಿದರೆ ಮುಳ್ಳು ಸಿಗುತ್ತದೆ. ಮೆಲ್ಲಗೆ ತಡವಿ, ಬೆರಳು ನಿಮ್ಮದೇ. ಅಕ್ಕಪಕ್ಕ ಎರಡು ತೂತುಗಳು, ಹಾವು ಕಚ್ಚಿದಂತೆ ಕಂಡರೆ ಮುಳ್ಳನ್ನು ಹುಡುಕಬೇಡಿ. ಗಾಳಿ ಕಡಿಮೆಯಿದ್ದು ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಿಂಡಿಹೋಗಿದೆ. ರಿಮ್ಮಿನ ಕಡೆಗೆ ತೂತಾಗಿದ್ದರೆ ಕಡ್ಡಿಗಳ ತಲೆ ಮುಚ್ಚುವ ಪಟ್ಟಿ ಸರಿದಿದೆ. ವಾಲ್ವಿನ ಬುಡವೇ ಹರಿದಿದ್ದರೆ ಪ್ಯಾಚಿನ ಆಸೆ ಬಿಟ್ಟು ಹೊಸ ಟ್ಯೂಬು ಹಾಕಿ.

ಪ್ಯಾಚಿಗೆ ಹಚ್ಚುವ ಸೊಲ್ಯೂಷನ್ನನ್ನು ಅಂಟು ಎಂದು ತಿಳಿದವರೇ ಹೆಚ್ಚು. ಹಸಿಯಾಗಿದ್ದಾಗ ಅಂಟಿಸುವ ವಸ್ತು ಅದಲ್ಲ. ಆವಿಯಾಗುವ ದ್ರಾವಕದಲ್ಲಿ ಕರಗಿದ ರಬ್ಬರು ಅದು. ದ್ರಾವಕ ಹಾರಿಹೋದ ಮೇಲಷ್ಟೇ ಪ್ಯಾಚನ್ನು ಬಿಗಿಯಾಗಿ ಹಿಡಿಯುತ್ತದೆ. ಟ್ಯೂಬನ್ನು ಮರಳು ಕಾಗದದಿಂದ ತಿಕ್ಕಿ ಹೊಳಪು ಕಳೆಯಿರಿ, ಪ್ಯಾಚಿಗಿಂತ ಅಗಲಕ್ಕೆ ತೆಳ್ಳಗೆ ಸವರಿ, ಆಮೇಲೆ ಕೈ ಕಟ್ಟಿ ಕುಳಿತುಕೊಳ್ಳಿ. ಹೊಳಪು ಮಾಸಿ, ಬೆರಳಿಗೆ ಅಂಟದಂತಾಗುವವರೆಗೆ ಐದು ನಿಮಿಷವಾದರೂ ಬೇಕು. ಬಾಯಿಂದ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಆಮೇಲೆ ಪ್ಯಾಚಿಟ್ಟು, ನಡುವಿನಿಂದ ಅಂಚಿಗೆ ಒತ್ತಿ. ಮೊದಲೇ ಅಂಟು ಬಳಿದ ಪ್ಯಾಚುಗಳು ಮನೆ ಸೇರುವವರೆಗಿನ ನಂಟು ಮಾತ್ರ.

ಮತ್ತೊಂದು ಮಾತು, ಆ ಸೊಲ್ಯೂಷನ್ ಟ್ಯೂಬಿನ ಕುರಿತು. ಒಮ್ಮೆ ಮುಚ್ಚಳ ತೆರೆದರೆ, ಎಷ್ಟು ಬಿಗಿದಿಟ್ಟರೂ ದ್ರಾವಕ ಸದ್ದಿಲ್ಲದೆ ಹಾರಿಹೋಗುತ್ತದೆ. ನಿಮ್ಮ ಸೈಕಲ್ಲಿನ ಚೀಲದಲ್ಲಿ ಹಿಂದೆಂದೋ ಬಳಸಿ ಇಟ್ಟದ್ದು ಇದ್ದರೆ ಇವತ್ತೇ ತೆಗೆದು ಒತ್ತಿ ನೋಡಿ. ಬರೀ ಗಾಳಿ ಬಂದರೆ, ನಾಳೆ ಹೊರಡುವ ಮೊದಲು ಹೊಸದೊಂದನ್ನು ಇಟ್ಟುಕೊಳ್ಳಿ.

ನಮಸ್ಕಾರ.