ಕೆಂಪು ಹಾಯಿಯ ದೋಣಿ: ಕುಂಬಾದ ಮೂಲೆಗೆ ಹೊಸ ತುಂಡು

ನಮಸ್ಕಾರ, ಇಂಗ್ಲೆಂಡಿನ ಸೌತಾಂಪ್ಟನ್ನಿನ ನಮ್ಮ ಹಿತ್ತಿಲಿಗೆ ಮತ್ತೆ ಬನ್ನಿ. ಮಳೆ ಈಗಷ್ಟೇ ನಿಂತಿದೆ, ಟಾರ್ಪಾಲಿನಿಂದ ಇನ್ನೂ ತೊಟ್ಟಿಕ್ಕುತ್ತಿದೆ, ಆ ಸದ್ದು ನಿಮಗೂ ಕೇಳಬಹುದು.

ಹೊಸಬರಿಗೆ ಒಂದು ಮಾತು. ಇದು ಮಿರರ್ ಡಿಂಗಿ, ಹಾಯಿ ಕಟ್ಟಿ ಓಡಿಸುವ ಪುಟ್ಟ ದೋಣಿ. 1963ರಲ್ಲಿ ಡೈಲಿ ಮಿರರ್ ಪತ್ರಿಕೆ ಮುಂದೆ ನಿಂತು ತಂದ ದೋಣಿ, ಹೆಸರು ಬಂದದ್ದು ಅಲ್ಲಿಂದಲೇ. ಆಗ ಕಿಟ್‌ಗೆ 63 ಪೌಂಡ್ 11 ಶಿಲ್ಲಿಂಗ್. ಪ್ಲೈವುಡ್ ತುಂಡುಗಳನ್ನು ಮನೆಗೆ ತಂದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ದೋಣಿ ರೆಡಿ. ಹೀಗೆ 70,000ಕ್ಕೂ ಜಾಸ್ತಿ ಆಗಿವೆ. ಹೊಲಿದ ದೋಣಿ ಅಂದರೆ ನನಗೆ ಊರು ನೆನಪಾಗುತ್ತದೆ. ನಮ್ಮ ಕರಾವಳಿಯಲ್ಲಿ ಹಲಗೆಗಳನ್ನು ಕತ್ತದ ಹುರಿಯಲ್ಲಿ ಹೊಲಿಯುತ್ತಿದ್ದರಲ್ಲ, ಮೇಲೆ ಮೀನೆಣ್ಣೆ ಹಚ್ಚಿ... ಸರಿ, ಅದು ಇನ್ನೊಂದು ದಿನ. ಸ್ಕ್ರೂಡ್ರೈವರ್ ನೋಡಿ.

ಬಣ್ಣದ ಮೇಲೆ ಬರೀ ಒಂದು ಗುಳ್ಳೆ ಇತ್ತು, ಅಷ್ಟೇ. ಒತ್ತಿದರೆ ಚಹಾದಲ್ಲಿ ನೆಂದ ರಸ್ಕಿಗೆ ಚುಚ್ಚಿದ ಹಾಗೆ ಸೀದಾ ಒಳಗೆ ಹೋಯಿತು. ಹಿಡಿಕೆಯಿಂದ ತಟ್ಟಿದರೂ ಗೊತ್ತಾಗುತ್ತದೆ: ಗಟ್ಟಿ ಮರ ಟಕ್ ಅನ್ನುತ್ತದೆ, ಕುಂಬಾದದ್ದು ದೊಬ್ ಅನ್ನುತ್ತದೆ. ಹಿಂಬದಿ ಹಲಗೆ ತಳಕ್ಕೆ ಸೇರುವ ಮೂಲೆಯಲ್ಲಿ ಒಂದು ಗೇಣಿನಷ್ಟು ಹೋಗಿದೆ.

ಇದನ್ನು ಹಾಳು ಮಾಡಿದ್ದು ಸಮುದ್ರ ಅಲ್ಲ. ಮರ ಕೊಳೆಸುವ ಬೂಷ್ಟಿಗೆ ಉಪ್ಪು ಆಗಿಬರುವುದಿಲ್ಲ, ಅದಕ್ಕೆ ಬೇಕಾದದ್ದು ಸಿಹಿನೀರು. ಯಾರದೋ ಅಂಗಳದಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿದ್ದಾಗ ಮಳೆನೀರು ಯಾವುದೋ ಸಂದಿಯಿಂದ ಈ ಗಾಳಿಪೆಟ್ಟಿಗೆಯೊಳಗೆ, ಅಂದರೆ ದೋಣಿ ಮುಳುಗದಂತೆ ತೇಲಿಸುವ ಟೊಳ್ಳು ಪೆಟ್ಟಿಗೆಯೊಳಗೆ, ಇಳಿದಿದೆ. ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿತ್ತು, ಗಾಳಿ ಆಡಲಿಲ್ಲ, ಒಳಗಿನ ತೇವ ಆರಲಿಲ್ಲ. ನಿಮ್ಮ ಹತ್ತಿರ ಇಂಥ ದೋಣಿ ಇದ್ದರೆ ದಯವಿಟ್ಟು ದಡದಲ್ಲಿರುವಾಗ ಆ ಮುಚ್ಚಳ ತೆಗೆದಿಡಿ. ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಫೈಬರ್‌ಗ್ಲಾಸ್ ಪಟ್ಟಿಗೆ ಹಾಕಿದ್ದ ಹಳೆಯ ಪಾಲಿಯೆಸ್ಟರ್ ಅಂಟು ಮರಕ್ಕೆ ಹಿಡಿಯುವುದೇ ಇಲ್ಲ, ಎಲ್ಲಾ ಕಿತ್ತು ಎಪಾಕ್ಸಿ ಅನ್ನುವ, ಎರಡು ದ್ರವ ಬೆರೆಸಿ ಮಾಡುವ ಅಂಟು ಹಾಕಬೇಕು ಅಂತ ಹಿಂದೊಮ್ಮೆ ಅಂದಿದ್ದೆ. ಈಗ ಆ ಮಾತು ವಾಪಸ್. ಈ ಒಂದು ಪಟ್ಟಿ ಕೀಳೋಕೆ ನನಗೆ ಅರ್ಧ ಗಂಟೆ ಬೇಕಾಯಿತು. ಮರ ಗಟ್ಟಿ ಇರುವ ಕಡೆ ಅದು ಇರಲಿ.

ಈಗ ಕುಂಬಾದದ್ದನ್ನು ಕತ್ತರಿಸಿ ತೆಗೆದ ಜಾಗಕ್ಕೆ ಕೂರಿಸುವ ಹೊಸ ಪ್ಲೈವುಡ್ ವಿಷಯ. ಒಂದು ಷೀಟಿಗೆ 94 ಪೌಂಡ್, ಮನೆಗೆ ತಂದುಕೊಡಲು ಇನ್ನೂ 45. ಕೊಟ್ಟೆ, ಯಾಕಂದ್ರೆ ಮೇಲೆ ಬಿಎಸ್ 1088 ಅಂತ ಮುದ್ರೆ ಇತ್ತು. ದೋಣಿ ಪ್ಲೈವುಡ್ಡಿನ ಗುಣಮಟ್ಟ ಅದು, ಒಳಪದರದಲ್ಲಿ ಟೊಳ್ಳು ಇರಬಾರದು. 5 ಮಿಲಿಮೀಟರ್ ದಪ್ಪಕ್ಕೆ ಎಂಟು ಪಟ್ಟು, ಅಂದರೆ 40 ಮಿಲಿಮೀಟರ್ ಇಳಿಜಾರು ಬರುವ ಹಾಗೆ ಅಂಚನ್ನು ಕೀಸಬೇಕು, ಹೊಸದೂ ಹಳೆಯದೂ ಒಂದರ ಮೇಲೊಂದು ಕೂರಬೇಕು. ಕೀಸಿದಂತೆ ಪದರಗಳು ಸೀರೆಯ ಅಂಚಿನ ಗೆರೆಗಳ ಹಾಗೆ ಕಾಣುತ್ತವೆ. ಗೆರೆ ನೆಟ್ಟಗಿದ್ದರೆ ಇಳಿಜಾರು ಸಮ ಅಂತ ಅರ್ಥ. ನೋಡಿ, ನಡುವಿನ ಗೆರೆ ಇಲ್ಲಿ ತುಂಡಾಗಿದೆ! ಬೆಂಕಿಕಡ್ಡಿ ತೂರುವಷ್ಟು ಟೊಳ್ಳು. ನೀರು ಒಮ್ಮೆ ಇದರೊಳಗೆ ಹೊಕ್ಕರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ನಾನು ಈಗಷ್ಟೇ ಕತ್ತರಿಸಿ ತೆಗೆದ ಕುಂಬು ಮತ್ತೆ ಶುರು. ಫೋನ್ ಮಾಡಿದರೆ ಅಂಗಡಿಯವರು ಫೋಟೋ ಕಳಿಸಿ ಅಂದರು. ಕಳಿಸಿದೆ. ಕತ್ತರಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಕತ್ತರಿಸದೆ ಒಳಗಿನ ಟೊಳ್ಳು ಹೇಗೆ ಕಾಣುತ್ತೆ, ನೀವೇ ಹೇಳಿ? ಮುದ್ರೆ ನಂಬಿ ದುಡ್ಡು ಕೊಟ್ಟವನಿಗೆ ಇದು ಮೋಸ ಅಲ್ವಾ? ಷೀಟಿನ ಇನ್ನೊಂದು ತುದಿಯಿಂದ ಬೇರೆ ತುಂಡು ಕತ್ತರಿಸಿದೆ, ನಾಲ್ಕೂ ಅಂಚು ಟಾರ್ಚ್ ಹಾಕಿ ನೋಡಿದೆ. ಇದು ಚೆನ್ನಾಗಿದೆ.

ಅಯ್ಯೋ, ಎಪಾಕ್ಸಿ ಬೆರೆಸಿ ಆಗಿದೆ, ಬೇಗ ಬೇಗ. ಮೊದಲು ತೆಳ್ಳಗೆ ಒಂದು ಕೈ, ಮರ ಕುಡಿಯಲಿ. ಆಮೇಲೆ ಗಟ್ಟಿಯದು. ಕ್ಲ್ಯಾಂಪ್ ತುಂಬಾ ಬಿಗಿಯಬೇಡಿ, ಅಂಟೆಲ್ಲಾ ಹೊರಗೆ ಬರುತ್ತದೆ. ರಾತ್ರಿ ಇಲ್ಲಿ 6 ಡಿಗ್ರಿಗೆ ಇಳಿಯುತ್ತದೆ, ಅಷ್ಟು ಚಳಿಯಲ್ಲಿ ಇದು ಗಟ್ಟಿಯಾಗುವುದಿಲ್ಲ, ಅದಕ್ಕೇ ಬಿಸಿನೀರಿನ ಎರಡು ಬ್ಯಾಗು ಇಟ್ಟು ಕಂಬಳಿ ಹೊದಿಸುತ್ತಿದ್ದೇನೆ. ಮಧ್ಯರಾತ್ರಿ ಎದ್ದು ಮತ್ತೆ ನೀರು ಕಾಯಿಸಬೇಕು. ಕ್ಯಾಮೆರಾ ಒಳಗೆ ತರುತ್ತೇನೆ, ಮತ್ತೆ ಹನಿ ಶುರುವಾಯಿತು.