ಕೈ ಪಳಗಿದವರು ಉಳಿಯಬೇಕಾದರೆ

ಕೇಳುಗರಿಗೆ ನಮಸ್ಕಾರ.

ಎಂಟು ಹತ್ತು ಜನ ಕೆಲಸ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ಅಂದುಕೊಳ್ಳಿ. ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಮೆಷಿನ್ ಮೇಲೆ ನಿಜವಾಗಿ ಕೈ ಪಳಗಿದವರು ಅಲ್ಲಿ ಒಬ್ಬರೇ. ಡ್ರಾಯಿಂಗ್ ನೋಡಿದ ಕೂಡಲೇ, ಈ ಜಾಬ್, ಅಂದರೆ ಕೈಗೆ ಬಂದ ಈ ಕೆಲಸ, ಎಲ್ಲಿ ಕೈಕೊಡುತ್ತದೆ ಎಂದು ಹೇಳಬಲ್ಲವರು. ಒಂದು ದಿನ ಅವರು ಬಂದು, ‘ಮುಂದಿನ ತಿಂಗಳಿಂದ ನಾನು ಬರೋದಿಲ್ಲ ಸರ್’ ಅಂದರೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಮೆಷಿನ್ ಬಿಸಿಯಾದ ಮೇಲೆ ಅಳತೆ ಎಷ್ಟು ಆಚೀಚೆ ಆಗುತ್ತದೆ, ಯಾವ ಗಿರಾಕಿಗೆ ಫಿನಿಶಿಂಗ್ ಹೇಗಿರಬೇಕು, ಇದೆಲ್ಲ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅವರ ಜೊತೆಗೇ ಹೊರಟುಹೋಗುತ್ತದೆ.

‘ಬೇರೆ ಕಡೆ ಸಂಬಳ ಜಾಸ್ತಿ ಸಿಕ್ಕಿರಬೇಕು’ ಎಂದು ಮಾಲೀಕರು ಅಂದುಕೊಳ್ಳುತ್ತಾರೆ. ಇರಬಹುದು. ಸಂಬಳ ಮುಖ್ಯವಲ್ಲ ಎಂದು ನಾನು ಖಂಡಿತ ಹೇಳುವುದಿಲ್ಲ. ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ 1913ರಲ್ಲಿ ಕೆಲಸಗಾರರ ಸಂಖ್ಯೆಯನ್ನು ಸುಮಾರು 14 ಸಾವಿರದಲ್ಲಿ ಉಳಿಸಿಕೊಳ್ಳಲು ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ದಿನವಿಡೀ ಒಂದೇ ಥರದ ಕೆಲಸ. ಜನ ಬೇಸತ್ತು ಬಿಟ್ಟು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದರು. ಮೊದಲಿನ ಕೂಲಿಗಿಂತ ಅದು ಸುಮಾರು ಎರಡು ಪಟ್ಟು. ಕೆಲಸದ ಅವಧಿಯನ್ನೂ 9 ಗಂಟೆಯಿಂದ 8ಕ್ಕೆ ಇಳಿಸಿದರು. ಬಿಟ್ಟು ಹೋಗುವವರ ಸಂಖ್ಯೆ ತೀರಾ ಕಡಿಮೆಯಾಯಿತು. ಆದರೆ ಆ ಪೂರ್ತಿ ಹಣ ಕೊಡುವ ಮೊದಲು ಕೆಲಸಗಾರರು ಮನೆಯಲ್ಲಿ ಹೇಗೆ ಬದುಕುತ್ತಾರೆ ಎಂದು ಕಂಪನಿಯವರು ಬಂದು ನೋಡುತ್ತಿದ್ದರು. ಈ ಭಾಗವನ್ನು ಯಾರೂ ಅನುಸರಿಸಬಾರದು.

ಸಣ್ಣ ವರ್ಕ್‌ಶಾಪಿಗೆ ಸಂಬಳವನ್ನು ಎರಡು ಪಟ್ಟು ಮಾಡುವ ಶಕ್ತಿ ಇರುವುದಿಲ್ಲ. ಹೇಳಿದ ತಾರೀಕಿಗೆ ಸಂಬಳ ಕೊಡುವುದಂತೂ ಆಗಬೇಕು. ಓವರ್‌ಟೈಮ್ ಲೆಕ್ಕ ಕೆಲಸಗಾರರು ಕೇಳುವ ಮೊದಲೇ ಬರೆದಿರಬೇಕು. ಸಂಬಳ ಯಾವಾಗ, ಯಾವ ಆಧಾರದ ಮೇಲೆ ಏರುತ್ತದೆ ಎಂದು ಮುಂಚೆಯೇ ತಿಳಿಸಬೇಕು. ಕೈ ಚಾಚಿ ಕೇಳಿದಾಗ ಮಾತ್ರ ಕೊಡುವವರ ಹತ್ತಿರ ಸ್ವಾಭಿಮಾನ ಇರುವವರು ಬಹಳ ದಿನ ನಿಲ್ಲುವುದಿಲ್ಲ.

ಆದರೆ ಇಷ್ಟೇ ಸಾಲದು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಪತ್ರ ನೋಡುವವರನ್ನೂ ಮಾತನಾಡಿಸಿ, 1959ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕೆಲಸದಲ್ಲಿ ಯಾವಾಗ ತುಂಬಾ ಖುಷಿಯಾಯಿತು, ಯಾವಾಗ ತುಂಬಾ ಬೇಜಾರಾಯಿತು ಎಂದು ಕೇಳಿದ್ದರು. ಬೇಜಾರಿನ ಮಾತಿನಲ್ಲಿ ಕಂಪನಿಯ ನಿಯಮಗಳು, ಮೇಲಿನವರು ನಡೆದುಕೊಳ್ಳುವ ರೀತಿ ಮುಂತಾದವು ಬಂದವು. ಖುಷಿಯ ಮಾತಿನಲ್ಲಿ ಕೆಲಸವನ್ನು ಚೆನ್ನಾಗಿ ಮುಗಿಸಿದ ತೃಪ್ತಿ, ಅದನ್ನು ಬೇರೆಯವರು ಗುರುತಿಸಿದ್ದು ಹೆಚ್ಚು ಕಂಡುಬಂತು.

ಚೆನ್ನಾಗಿ ಮುಗಿಸಿದ ತೃಪ್ತಿ. ನನ್ನ ಪ್ರಕಾರ ಒಳ್ಳೆಯ ಕೆಲಸಗಾರರಿಗೆ ನಾವು ತಪ್ಪಿಸುತ್ತಿರುವುದು ಇದನ್ನೇ. ಡ್ರಿಲ್ ಬಿಟ್ ಸವೆದಿದೆ, ಹೊಸದು ನಾಳೆ ಬರುತ್ತದೆ ಅನ್ನುತ್ತಾರೆ. ಅಳತೆ ನೋಡುವ ಸರಿಯಾದ ವರ್ನಿಯರ್ ಒಂದೇ ಇದೆ, ಅದನ್ನು ಹುಡುಕಿಕೊಂಡು ಓಡಾಡಬೇಕು. ಅರ್ಧ ಜಾಬ್ ಆದ ಮೇಲೆ ಡ್ರಾಯಿಂಗ್ ಬದಲಾಗಿದೆ ಅಂತ ಗೊತ್ತಾಗುತ್ತದೆ. ಕೆಲಸ ಗೊತ್ತಿಲ್ಲದವರಿಗೆ ಇದರಿಂದ ಅಷ್ಟೇನೂ ಬಾಧೆಯಿಲ್ಲ, ಹೊತ್ತು ಕಳೆಯುತ್ತದೆ. ಕೆಲಸ ಗೊತ್ತಿರುವವರಿಗೆ ಇದು ದಿನದಿನವೂ ಚುಚ್ಚುತ್ತದೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಚೆನ್ನಾಗಿ ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಕಷ್ಟದ ಜಾಬ್ ಎಲ್ಲವೂ ಅವರ ತಲೆ ಮೇಲೆ ಬೀಳುತ್ತದೆ. ಬೇರೆಯವರು ಕೆಡಿಸಿದ್ದನ್ನು ಸರಿಪಡಿಸುವುದೂ ಅವರೇ. ಅರ್ಜೆಂಟ್ ಡೆಲಿವರಿ ಇದ್ದರೆ ರಾತ್ರಿ ನಿಲ್ಲುವುದೂ ಅವರೇ. ತಡವಾಗಿ ಬಂದು, ಅಳತೆ ತಪ್ಪಿಸಿ, ಸ್ಕ್ರ್ಯಾಪ್ ಮಾಡಿದವರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾರೆ. ತಿಂಗಳ ಕೊನೆಗೆ ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ! ಮಾಲೀಕರು ಇದನ್ನು ಬೇಕೆಂದು ಮಾಡುವುದಿಲ್ಲ. ಆ ಹೊತ್ತಿನ ಒತ್ತಡ ಹಾಗೆ ಮಾಡಿಸುತ್ತದೆ. ಆದರೆ ನಿಯತ್ತಾಗಿ ದುಡಿಯುವವರಿಗೆ ಅದು ಶಿಕ್ಷೆ ಅಲ್ವಾ? ಕೆಡಿಸಿದವರು ತಮ್ಮ ಕೈಯಾರೆ ಸರಿಪಡಿಸಲಿ, ಬೇಕಾದರೆ ಪಕ್ಕದಲ್ಲಿ ನಿಂತು ಹೇಳಿಕೊಡೋಣ. ಎಷ್ಟು ಹೇಳಿದರೂ ತಿದ್ದಿಕೊಳ್ಳದವರ ಜೊತೆ ಮಾಲೀಕರೇ ಖಡಾಖಂಡಿತವಾಗಿ ಮಾತನಾಡಬೇಕು. ಅದು ಉಳಿದ ಕೆಲಸಗಾರರ ಹೊಣೆ ಅಲ್ಲ.

ಡೆಲಿವರಿ ದಿನ ಕೊಡುವಾಗಲೂ ಹಾಗೆಯೇ. ಗಿರಾಕಿಯ ಎದುರು ‘ಶುಕ್ರವಾರ ಕೊಡ್ತೀವಿ’ ಅನ್ನುವ ಮೊದಲು, ಜಾಬ್ ಮಾಡುವವರನ್ನು ಒಂದು ಮಾತು ಕೇಳಿ. ಟೊಯೋಟಾ ಕಾರ್ಖಾನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಸಾಮಾನ್ಯ ಕೆಲಸಗಾರರೂ ಒಂದು ಹಗ್ಗ ಎಳೆದು ಇಲ್ಲವೇ ಗುಂಡಿ ಒತ್ತಿ ಮೇಲ್ವಿಚಾರಕರನ್ನು ಕರೆಯುತ್ತಾರೆ. ಅಗತ್ಯ ಬಿದ್ದರೆ ಕಾರು ಜೋಡಿಸುವ ಸಾಲೇ ನಿಲ್ಲುತ್ತದೆ. ಅಷ್ಟು ದೊಡ್ಡ ಕಾರ್ಖಾನೆ ಆ ಅಧಿಕಾರ ಕೊಡಬಹುದಾದರೆ, ಹತ್ತು ಜನರ ವರ್ಕ್‌ಶಾಪಿನಲ್ಲಿ ‘ಇದು ಸರಿಹೋಗಲ್ಲ, ನಿಲ್ಲಿಸೋಣ’ ಎಂದವರ ಮಾತಿಗೆ ಬೆಲೆ ಇರಲೇಬೇಕು.

ಹೊಗಳುವಾಗ ಸುಮ್ನೆ ‘ಭೇಷ್’ ಅಂದರೆ ಸಾಲದು. ‘ಆ ಥ್ರೆಡ್ ಕ್ಲೀನಾಗಿ ಬಂತು, ಗಿರಾಕಿ ಒಂದು ಪೀಸೂ ವಾಪಸ್ ಕಳಿಸಲಿಲ್ಲ’ ಅನ್ನಿ. ಏನು ಚೆನ್ನಾಗಿತ್ತು ಎಂದು ನೀವು ನೋಡಿದ್ದೀರಿ ಅನ್ನುವುದು ಅವರಿಗೆ ತಿಳಿಯುತ್ತದೆ. ಬೈಯುವುದಿದ್ದರೆ ಎಲ್ಲರ ಎದುರು ಬೇಡ.

ಹೊಸಬರಿಗೆ ಕಲಿಸುವ ಹೊತ್ತನ್ನೂ ಕೆಲಸದ ಲೆಕ್ಕಕ್ಕೇ ಸೇರಿಸಿ. ಆ ದಿನ ನಾಲ್ಕು ಪೀಸ್ ಕಡಿಮೆ ಬಂದರೆ ಗೊಣಗಬೇಡಿ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಊರು ಬದಲಾಗಬಹುದು, ಸ್ವಂತ ಮೆಷಿನ್ ಹಾಕುವ ಆಸೆ ಇರಬಹುದು. ಹೊರಟು ನಿಂತಾಗ ಸಂಬಳ ಏರಿಸಿದರೆ, ‘ಇಷ್ಟು ದಿನ ಯಾಕೆ ಕೊಡಲಿಲ್ಲ’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಯಾಕೆ ಹೊರಟಿರಿ ಎಂದು ಸಮಾಧಾನವಾಗಿ ಕೇಳಿ, ವಾದ ಮಾಡಬೇಡಿ. ಬಾಕಿ ಹಣವನ್ನೂ ಅನುಭವ ಪತ್ರವನ್ನೂ ಕೊನೆಯ ದಿನವೇ ಕೈಗೆ ಕೊಡಿ. ಪಕ್ಕದ ಮೆಷಿನ್ ಹತ್ತಿರ ನಿಂತವರು ಅದನ್ನು ನೋಡುತ್ತಿರುತ್ತಾರೆ.

ನಮಸ್ಕಾರ.