ಭಯದ ಮ್ಯಾಪೇ ಬೇರೆ, ಊರಿನ ಮ್ಯಾಪೇ ಬೇರೆ

ಎಲ್ಲರಿಗೂ ನಮಸ್ಕಾರ. ಟಿಕೆಟ್ ಬುಕ್ ಆದ ರಾತ್ರಿ ನಾವೆಲ್ಲ ಒಂದು ಕೆಲ್ಸ ಮಾಡ್ತೀವಿ, ಊರಿನ ಹೆಸ್ರು ಟೈಪ್ ಮಾಡಿ ಪಕ್ಕದಲ್ಲಿ "ಸೇಫಾ?" ಅಂತ ಹಾಕ್ತೀವಿ. ಆಮೇಲೆ ಬರೋದೆಲ್ಲ ಗನ್ನು, ಚಾಕು, ರಕ್ತ. ಅಲ್ಲಿಗೆ ನಿದ್ದೆ ಕತೆ ಮುಗೀತು.

ಆ ಸುದ್ದಿ ಸುಳ್ಳು ಅಂತ ಅಲ್ಲ, ಆದ್ರೆ ಎಷ್ಟೋ ಸಲ ಹಳೇದು. ಕೊಲಂಬಿಯಾದ ಮೆಡೆಯಿನ್ ತಗೊಳ್ಳಿ. 1991ರಲ್ಲಿ ಅಲ್ಲಿ 1 ಲಕ್ಷ ಜನಕ್ಕೆ ಸುಮಾರು 380 ಕೊಲೆ, 2015ರ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿತ್ತು, ಆದ್ರೂ ಆ ಹೆಸ್ರು ಕೇಳಿದ್ರೆ ಈಗ್ಲೂ ಜನ ಮುಖ ಹಿಂಡ್ತಾರೆ.

ಇನ್ನೊಂದು, ನಂಗೆ ಮುಖ್ಯ ಅನ್ಸೋದು ಇದೇ, ಅಪರಾಧ ಊರ ತುಂಬ ಸಮನಾಗಿ ಹರಡಿರಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಬಂದ ಕಾಲ್‌ಗಳನ್ನ ಇಟ್ಕೊಂಡು ಮಾಡಿದ ಒಂದು ಸ್ಟಡಿ 1989ರಲ್ಲಿ ಬಂತು, ಅರ್ಧದಷ್ಟು ಕಾಲ್ ಬಂದಿದ್ದು ಬರೀ 3% ಅಡ್ರೆಸ್‌ಗಳಿಂದ. ಅಂದ್ರೆ "ಡೇಂಜರ್ ಊರು" ಅನ್ನೋ ಮಾತಿಗಿಂತ ಡೇಂಜರ್ ಮೂಲೆ, ಡೇಂಜರ್ ಟೈಮ್ ಅನ್ನೋದೇ ಸರಿ. ಕೊಲೆಗಳಲ್ಲೂ ಬಹಳಷ್ಟು ಗ್ಯಾಂಗಿಂದು, ಹಳೇ ದ್ವೇಷದ್ದು, ಮನೆಯೊಳಗಿನ ಜಗಳದ್ದು. ಬಂದು ಹೋಗೋರಿಗೆ ಹೆಚ್ಚಾಗಿ ಆಗೋದು ಫೋನ್ ಕಿತ್ಕೊಳ್ಳೋದು, ಬ್ಯಾಗ್ ಮಾಯ ಆಗೋದು. ರಸ್ತೆ ಅಪಘಾತದ ಬಗ್ಗೆಯಂತೂ ಯಾರೂ ಸರ್ಚೇ ಮಾಡಲ್ಲ, ಪ್ರಪಂಚದಲ್ಲಿ ವರ್ಷಕ್ಕೆ ಅದ್ರಿಂದ ಸಾಯೋರು ಸುಮಾರು 12 ಲಕ್ಷ, ಕೊಲೆಯಾಗೋರಿಗಿಂತ ಎರಡು ಪಟ್ಟಿಗೂ ಜಾಸ್ತಿ.

ಹಾಗಂತ ಹೆದ್ರಬೇಡಿ ಅಂತ ಹೇಳಕ್ಕೆ ನಾನು ಬಂದಿಲ್ಲ. ನಂಗೆ ಆರಾಮಾಗಿ ಕಂಡ ರಸ್ತೇಲಿ ಒಬ್ಬ ಹೆಣ್ಮಗಳು ಹತ್ತು ಹೆಜ್ಜೆಗೊಂದ್ಸಲ ಹಿಂದೆ ತಿರುಗಿ ನೋಡ್ತಾ ಹೋಗ್ತಿರ್ತಾಳೆ, ಆ ಲೆಕ್ಕ ಯಾವ ಅಂಕಿಅಂಶದಲ್ಲೂ ಪೂರ್ತಿ ಬರಲ್ಲ.

ಹೆಸ್ರು ಕೆಟ್ಟಿದ್ದ ಒಂದು ಊರಲ್ಲಿ ನಾನು ಇಳ್ಕೊಂಡಾಗ ಲಾಡ್ಜ್ ರಿಸೆಪ್ಷನ್‌ನಲ್ಲಿದ್ದ ಹುಡುಗ ಪೇಪರ್ ಮ್ಯಾಪ್ ತೆಗೆದು, ಪೆನ್ನಲ್ಲಿ ಒಂದು ಸೇತುವೆಗೆ ಅಡ್ಡಗೆರೆ ಎಳೆದ. "ಇದ್ರ ಈಚೆ ಎಷ್ಟೊತ್ತಿಗಾದ್ರೂ ಓಡಾಡಿ, ಆಚೆ ಕತ್ತಲಾದ್ಮೇಲೆ ಬೇಡ ಸರ್" ಅಂದ. ರಾತ್ರಿಯೆಲ್ಲ ಓದಿದ್ದ ನೂರು ಸುದ್ದಿಗಿಂತ ಆ ಒಂದು ಗೆರೆ ಜಾಸ್ತಿ ಕೆಲ್ಸಕ್ಕೆ ಬಂತು. ಮೊದಲ ಎರಡು ದಿನ ನಾನು ಪರ್ಸನ್ನ ಎದೆಗವಚಿಕೊಂಡು, ಎದುರಿಗೆ ಬಂದೋರ ಮುಖ ಎಲ್ಲಾ ಅನುಮಾನದಿಂದ ನೋಡ್ಕೊಂಡೇ ನಡೆದೆ, ಪಾಪ ಅವ್ರು ಆಫೀಸಿಂದ ಮನೆಗೆ ಹೋಗ್ತಿದ್ರು ಅಷ್ಟೆ.

ಮೂರನೇ ದಿನಕ್ಕೆ ಧೈರ್ಯ ಬಂತು. ಮಟಮಟ ಮಧ್ಯಾಹ್ನ, ಸೇತುವೆಯ ಈಚೆನೇ, ತುಂಬಿದ ಸಿಗ್ನಲ್‌ನಲ್ಲಿ ಫೋನ್ ಕೈಯಲ್ಲಿ ಹಿಡ್ಕೊಂಡು ದಾರಿ ನೋಡ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಮೊಣಕೈ ತಟ್ಟಿ, ಫೋನ್ ತೋರ್ಸಿ, ಆಮೇಲೆ ನನ್ನ ಜೇಬು ತೋರ್ಸಿದ್ರು. ಭಾಷೆ ಗೊತ್ತಿಲ್ಲ, ಆದ್ರೂ ಅರ್ಥ ಆಯ್ತು. ಫೋನ್ ಒಳಗಿಟ್ಟೆ. ಅಷ್ಟರಲ್ಲಿ ಇಬ್ರು ಕೂತಿದ್ದ ಬೈಕೊಂದು ಫುಟ್‌ಪಾತ್‌ಗೆ ಒರೆಸ್ಕೊಂಡು ನಿಧಾನಕ್ಕೆ ನಮ್ಮನ್ನ ದಾಟಿ ಹೋಯ್ತು.